ಹಂಗಾಮಿನ ಅವಸರ, ಹತ್ತು ನಂಬರ್ ರಾಡ್

ನಮ್ಮ ಕಡೆ ವೆಲ್ಡಿಂಗ್ ಅಂಗಡಿಯ ವರ್ಷ ಯುಗಾದಿಗೆ ಶುರುವಾಗುವುದಿಲ್ಲ, ದಸರೆಯ ಖಂಡೇ ಪೂಜೆಗೆ ಶುರುವಾಗುತ್ತದೆ. ಮಷಿನ್ನಿಗೆ ಕುಂಕುಮ ಹಚ್ಚಿ ಕಾಯಿ ಒಡೆದದ್ದೇ ತಡ, ಚಿಕ್ಕೋಡಿ–ಮಿರಜ ರಸ್ತೆ ಇರಲಿ, ನಿಪ್ಪಾಣಿ–ಮುಧೋಳ ರಸ್ತೆ ಇರಲಿ, ಅಂಗಡಿಗಳ ಮುಂದೆ ಕಬ್ಬಿನ ಟ್ರೇಲರ್‌ಗಳು ಸಾಲುಗಟ್ಟುತ್ತವೆ. ಕಾರ್ಖಾನೆಗಳ ಬಾಯ್ಲರ್ ಪ್ರದೀಪನದ ಆಮಂತ್ರಣ ಬಂತೆಂದರೆ ಮುಗಿಯಿತು. ಅಲ್ಲಿಂದ ಸುಮಾರು ಮಾರ್ಚ್‌ವರೆಗೆ ಬಂದವರೆಲ್ಲರ ಬಾಯಲ್ಲಿ ಒಂದೇ ಮಾತು: "ಮಿಸ್ತ್ರಿ, ಇವತ್ತ ಸಂಜಿಕ್ ಗಾಡಿ ಹೊಂಡಬೇಕ್ರಿ."

ಗಾಡಿ ಒಂದು ದಿನ ನಿಂತರೆ ಕಡಿದ ಕಬ್ಬು ಹೊಲದಲ್ಲಿ ಒಣಗುತ್ತದೆ, ತೂಕ ಇಳಿಯುತ್ತದೆ, ಕಡಿಯುವ ಗ್ಯಾಂಗು ಸುಮ್ಮನೆ ಕೂರುತ್ತದೆ. ಅವರ ಅವಸರ ಸುಳ್ಳಲ್ಲ. ಆದರೆ ಕಬ್ಬಿಣಕ್ಕೆ ಆ ಅವಸರ ಗೊತ್ತಿಲ್ಲ. ಈ ಕಸುಬಿನಲ್ಲಿ ನಾನು ಕಲಿತದ್ದರಲ್ಲಿ ಹೆಚ್ಚಿನದು ಈ ಎರಡರ ನಡುವೆ ನಿಂತು ಯಾರಿಗೆ ಏನು ಹೇಳಬೇಕು ಎಂಬುದೇ.

1. ಬಿರುಕು ಎಲ್ಲಿ ಮುಗಿದಿದೆ ಎಂದು ತಿಳಿಯುವವರೆಗೆ ಹೋಲ್ಡರ್ ಕೈಗೆತ್ತಿಕೊಳ್ಳಬೇಡಿ.

ಟ್ರೇಲರ್ ಬರುವುದೇ ಕೆಸರು, ಗ್ರೀಸ್, ಹಳೆಯ ಬಣ್ಣ, ಒಣಗಿ ಅಂಟಾದ ಕಬ್ಬಿನ ಹಾಲು ಎಲ್ಲ ಮೆತ್ತಿಕೊಂಡು. ಚಾಸಿಯ ಚಾನಲ್ ಸೀಳಿದ್ದು ಕಣ್ಣಿಗೆ ಎರಡು ಇಂಚು ಕಂಡರೆ, ಒಳಗೆ ಇನ್ನೂ ಅಷ್ಟೇ ಹೋಗಿರುತ್ತದೆ. ಮೊದಲು ವೈರ್ ಬ್ರಶ್‌ನಿಂದ ಕಬ್ಬಿಣ ಬೆಳ್ಳಗಾಗುವವರೆಗೆ ಉಜ್ಜಿ. ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ಒರೆಸಿ, ಸ್ವಲ್ಪ ಹೊತ್ತು ಬಿಟ್ಟು, ಮೇಲಿನ ಎಣ್ಣೆಯನ್ನೆಲ್ಲ ಒಣ ಬಟ್ಟೆಯಲ್ಲಿ ತೆಗೆದು, ಚಾಕ್ ಪುಡಿ ತಿಕ್ಕಿ. ಬಿರುಕಿನೊಳಗೆ ಇಳಿದಿದ್ದ ಎಣ್ಣೆ ನಿಧಾನಕ್ಕೆ ಮೇಲೆ ಜಿನುಗಿ, ಬಿಳಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆ ಮೂಡುತ್ತದೆ. ಗೆರೆ ನಿಂತ ಜಾಗದಿಂದ ತುಸು ಮುಂದೆ ಎರಡು ಸೂತಿನ ತೂತು ಹಾಕಿ. ಬಿರುಕಿನ ಮೊನೆ ಆ ತೂತಿಗೆ ಬಂದು ಬಿದ್ದರೆ ಮುಂದಕ್ಕೆ ಓಡುವುದು ನಿಲ್ಲುತ್ತದೆ. ಆಮೇಲೆ ಗ್ರೈಂಡರ್ ಹಿಡಿದು ಬಿರುಕಿನ ಉದ್ದಕ್ಕೂ 'ವಿ' ಆಕಾರದ ಕಾಲುವೆ ತೆಗೆದು, ತಳದಿಂದ ತುಂಬಿಸುತ್ತ ಬನ್ನಿ. ಹಾಗೆಯೇ ಮೇಲೆ ರಾಡ್ ಓಡಿಸಿದರೆ ನೋಡಲು ಕೂಡಿಕೊಂಡಂತೆ ಕಾಣುತ್ತದೆ. ಕೆಳಗೆ ಬಿರುಕು ಇದ್ದಲ್ಲೇ ಇರುತ್ತದೆ, ಅದೇ ವಾರ ಗಾಡಿ ತಿರುಗಿ ಬರುತ್ತದೆ.

2. ಟ್ರೇಲರಿನ ಮೂಕಿ, ಹಿಂದಿನ ಹುಕ್, ಚಾಸಿ: ಇಲ್ಲಿ ಚೆಂದ ನೋಡಬೇಡಿ, ಎಳೆತ ನೋಡಿ.

ನಮ್ಮಲ್ಲಿ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟುವುದು ರೂಢಿ. ಒಂದೊಂದರಲ್ಲಿ ಹತ್ತು ಟನ್ನಿಗೆ ಕಡಿಮೆ ಯಾರೂ ಹೇರುವುದಿಲ್ಲ. ಹಿಂದಿನ ಗಾಡಿಯ ಎಳೆತವೆಲ್ಲ ಮುಂದಿನ ಗಾಡಿಯ ಹಿಂಬದಿಯ ಹುಕ್ಕಿನ ಮೇಲೆ ಬೀಳುತ್ತದೆ. ಸಪಾಟು ರಸ್ತೆಯಲ್ಲಿ ಓಡುವಾಗ ಏನೂ ಆಗುವುದಿಲ್ಲ. ಹಸಿ ಹೊಲದಿಂದ ಡಾಂಬರಿಗೆ ಏರುವ ಜಗ್ಗಾಟದಲ್ಲಿ, ನಿಪ್ಪಾಣಿ ಹತ್ತಿರದ ತವಂದಿ ಘಾಟಿನಂಥ ಏರಿನಲ್ಲಿ ಗೇರ್ ಬದಲಿಸುವಾಗಿನ ಒಂದು ಝಟಕಾದಲ್ಲಿ ವೆಲ್ಡಿನ ಪರೀಕ್ಷೆ ನಡೆಯುತ್ತದೆ. ಹುಕ್ ಕಿತ್ತರೆ ಹಿಂದಿನ ಗಾಡಿ ತಾನೇ ಹಿಮ್ಮುಖ ಓಡುತ್ತದೆ. ಅದರ ಹಿಂದೆ ಸೈಕಲ್ಲಿನ ಮೇಲೆ ಸಾಲಿಯಿಂದ ಬರುವ ಹುಡುಗ ಇರಬಹುದು.

ಚಾನಲ್ಲಿನ ಕೆಳಗಿನ ತುಟಿ ಭಾರ ಬಿದ್ದಾಗ ಉದ್ದಕ್ಕೆ ಹಿಗ್ಗುವ ಜಾಗ. ಅದರ ಮೇಲೆ ಈ ಅಂಚಿನಿಂದ ಆ ಅಂಚಿಗೆ ನೇರ ಅಡ್ಡಗೆರೆಯ ವೆಲ್ಡ್ ಹೊಡೆದರೆ, ಇಲ್ಲಿಯೇ ಮುರಿ ಎಂದು ಗುರುತು ಹಾಕಿಕೊಟ್ಟ ಹಾಗೆ. ಬಲ ಕೊಡಲು ಪಟ್ಟಿ ಹಚ್ಚುವುದಾದರೆ ಅದನ್ನು ಚೌಕವಾಗಿ ಕತ್ತರಿಸದೆ ಶಂಕರಪಾಳಿಯ ಹಾಗೆ ಓರೆಯಾಗಿ ಕತ್ತರಿಸಿ. ವೆಲ್ಡಿನ ಗೆರೆ ಓರೆಯಾಗಿ ಓಡುತ್ತದೆ, ಎಳೆತ ಒಂದೇ ಕಡೆ ಕೂಡುವುದಿಲ್ಲ. ವೆಲ್ಡಿನ ಗೆರೆಯ ಪಕ್ಕದಲ್ಲಿ ಉಗುರಿನಷ್ಟು ಗುಳಿ ಬಿದ್ದಿದ್ದರೂ ತುಂಬಿಸಿ, ಮುಂದಿನ ಬಿರುಕು ಹುಟ್ಟುವುದು ಆ ಗುಳಿಯಲ್ಲೇ.

ಬಿಸಿ ವೆಲ್ಡಿಗೆ ನೀರು ಸುರಿಯಲು ಬಿಡಬೇಡಿ. ಹಂಗಾಮಿನಲ್ಲಿ ಇದಕ್ಕೇ ಜಗಳ. "ನೀರ್ ಹಾಕ್ರಿ ಕಾಕಾ, ಲಗೂನ ಆರತದ" ಎಂದು ಟ್ರ್ಯಾಕ್ಟರಿನ ಹುಡುಗ ಕೊಡ ಹಿಡಿದೇ ನಿಂತಿರುತ್ತಾನೆ. "ಅದು ತಾನಾ ಆರಲಿ ತಮ್ಮಾ, ನೀ ಚಾ ಕುಡದ್ ಬಾ ಹೋಗ್" ಎಂದು ಕಳಿಸುವುದೇ ಸರಿ. ಇನ್ನು ಆಕ್ಸೆಲ್ ಸೀಳಿದ್ದರೆ ವೆಲ್ಡ್ ಬೇಡವೇ ಬೇಡ, ಹೊಸದು ಹಾಕಿಸಿ. ಗಿರಾಕಿ ಸಿಟ್ಟಾಗಿ ಮುಂದಿನ ಅಂಗಡಿಗೆ ಹೋಗುತ್ತಾನೆ. ಹೋಗಲಿ.

3. ಅರ್ತ್ ಕ್ಲ್ಯಾಂಪ್ ಎಲ್ಲಿ ಹಚ್ಚುತ್ತೀರಿ ಎಂಬುದೂ ವೆಲ್ಡಿಂಗೇ.

ಹೋಲ್ಡರಿನಿಂದ ಹೊರಟ ಕರೆಂಟು ಕ್ಲ್ಯಾಂಪಿಗೆ ಮರಳಲು ದಾರಿ ಹುಡುಕುತ್ತದೆ. ಕ್ಲ್ಯಾಂಪು ದೂರ ಇದ್ದರೆ ಅದು ಬೇರಿಂಗಿನ ಗುಂಡುಗಳ ನಡುವೆ ಹಾಯ್ದು ಸಣ್ಣ ಸಣ್ಣ ಕಲೆ ಸುಡುತ್ತದೆ, ಆಮೇಲೆ ಚಕ್ರ ಗರ್‌ಗರ್ ಎನ್ನುತ್ತದೆ. ವೆಲ್ಡಿನ ಪಕ್ಕದಲ್ಲೇ, ಬಣ್ಣ ಕೆರೆದ ಜಾಗಕ್ಕೆ ಹಚ್ಚಿ. ಟ್ರ್ಯಾಕ್ಟರ್ ಕೂಡಿಕೊಂಡಿದ್ದರೆ ಬ್ಯಾಟರಿಯ ಎರಡೂ ವೈರ್ ಬಿಚ್ಚಿ, ಇಲ್ಲವಾದರೆ ಆಲ್ಟರ್ನೇಟರ್ ಸುಟ್ಟ ಖರ್ಚು ನಿಮ್ಮ ತಲೆಗೆ. ಮಳೆಗಾಲದಲ್ಲಿ ಕಾಲಡಿ ಒಣ ಹಲಗೆ ಇರಲಿ. ರಾಡ್ ಹತ್ತದೆ ಖಾಲಿ ನಿಂತ ಮಷಿನ್ನಿನ ಬಾಯಲ್ಲಿ 70–80 ವೋಲ್ಟ್ ಇರುತ್ತದೆ. ಬೆವರಿನಲ್ಲಿ ತೊಯ್ದ ಮೈಗೆ ಅಷ್ಟು ಸಾಕು.

4. ಮಷಿನ್ನಿನ ಮುಳ್ಳನ್ನು ನಂಬಬೇಡಿ, ಕೊಳವನ್ನು ನೋಡಿ.

ಹನ್ನೆರಡು ನಂಬರ್ ಎಂದರೆ 2.5 ಮಿ.ಮೀ., ಹತ್ತು ನಂಬರ್ 3.15, ಎಂಟು ನಂಬರ್ 4. ಹತ್ತು ನಂಬರಿಗೆ 90ರಿಂದ 130 ಆಂಪಿಯರ್ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಆದರೆ ಹೊಲದ ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಬಿಟ್ಟ ಹೊತ್ತಿನಲ್ಲಿ ನಮ್ಮ ಲೈನಿನ ವೋಲ್ಟೇಜ್ ಕುಸಿಯುತ್ತದೆ. ಮುಳ್ಳು 110 ತೋರಿಸಿದರೂ ರಾಡ್ ಪದೇ ಪದೇ ಕಚ್ಚಿಕೊಳ್ಳುತ್ತದೆ. ಪಂಪು ನಿಂತೊಡನೆ ಅದೇ 110ಕ್ಕೆ ತೆಳು ಪತ್ರಾ ತೂತು ಬೀಳುತ್ತದೆ. ರಾಡಿನ ಹಿಂದೆ ಕರಗಿ ನಿಂತ ಲೋಹದ ಕೊಳ ಎಷ್ಟು ಅಗಲ ಹರಡುತ್ತಿದೆ, ಅದರ ಹಿಂದೆ ಕಿಟ್ಟ ಎಷ್ಟು ದೂರ ಉಳಿದಿದೆ ಎಂಬುದನ್ನು ನೋಡಲು ಕಲಿತವನಿಗೆ ಮುಳ್ಳು ಬೇಕಿಲ್ಲ.

ಆಷಾಢದಲ್ಲಿ ರಾಡ್ ಪಾಕೀಟು ಒಡೆದಿಟ್ಟರೆ ತೇವ ಹೀರುತ್ತದೆ. ವೆಲ್ಡಿನಲ್ಲಿ ಸೂಜಿ ಚುಚ್ಚಿದಂಥ ತೂತು ಕಂಡರೆ ಕಾರಣ ಅದೇ. ಗೇಟು, ಗ್ರಿಲ್ಲಿಗೆ ಬಳಸುವ 6013 ರಾಡನ್ನು ಬಿಸಿಲಿನಲ್ಲಿ ಒಣಗಿಸಿ ಬಳಸಬಹುದು. ಭಾರದ ಕೆಲಸದ 7018ಕ್ಕೆ ಬಿಸಿಲು ಸಾಲದು, ಅದನ್ನು ಒಲೆಯಲ್ಲಿ 250 ಡಿಗ್ರಿಗೂ ಮೇಲೆ ಒಂದೆರಡು ತಾಸು ಕಾಯಿಸಲೇಬೇಕು. ಆ ಒಲೆ ಇಲ್ಲದವರು 7018 ಹೊಡೆದೆ ಎಂದು ಹೇಳಿ ಹೆಚ್ಚು ದುಡ್ಡು ತೆಗೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

5. ಎಲ್ಲ ಕಬ್ಬಿಣವೂ ಒಂದೇ ಅಲ್ಲ. ಗ್ರೈಂಡರಿನ ಕಿಡಿಯನ್ನು ಕೇಳಿ.

ಬಂದ ಸಾಮಾನನ್ನು ಮೊದಲು ಗ್ರೈಂಡರಿಗೆ ಒಮ್ಮೆ ತಾಗಿಸಿ. ಉದ್ದನೆಯ ಹಳದಿ ಗೆರೆಗಳು ಹಾರಿದರೆ ಮೈಲ್ಡ್ ಸ್ಟೀಲ್, ನಿಶ್ಚಿಂತೆ. ಗೆರೆಯ ತುದಿ ಒಡೆದು ಕವಲು ಕವಲಾಗಿ ಚಿಮ್ಮಿದರೆ ಕಾರ್ಬನ್ ಜಾಸ್ತಿ: ಗಾಡಿಯ ಪಾಟಾ, ಅಂದರೆ ಸ್ಪ್ರಿಂಗ್ ಪಟ್ಟಿ, ಅಂಥದ್ದು. ಮಂಕು ಕೆಂಪು, ಗಿಡ್ಡ ಕಿಡಿ ಬಂದರೆ ಬೀಡು ಕಬ್ಬಿಣ.

ಹಳೆಯ ಪಾಟಾ ಕತ್ತರಿಸಿ ಕುಂಟೆಯ ಕುಡ ಮಾಡಿಸಲು ಮೃಗಶಿರಾ ಮಳೆಗೆ ಮುಂಚೆ ಸಾಲು ಹತ್ತುತ್ತದೆ. ಪಾಟಾವನ್ನು ತಣ್ಣಗಿರುವಾಗಲೇ ವೆಲ್ಡ್ ಮಾಡಿದರೆ ಗೆರೆಯ ಪಕ್ಕದಲ್ಲೇ ಗಾಜಿನಂತೆ ಪಟಕ್ಕನೆ ಮುರಿಯುತ್ತದೆ. ಮೊದಲು ಚೆನ್ನಾಗಿ ಕಾಯಿಸಿ, ಒಣ ರಾಡ್ ಹೊಡೆದು, ಬೂದಿಯಲ್ಲಿ ಹುಗಿದು ರಾತ್ರಿಯೆಲ್ಲ ಬಿಡಬೇಕು. ಪಂಪಿನ ಬೀಡಿನ ಕವಚ ಒಡೆದು ಬಂದರೆ ನಿಕ್ಕಲ್ ರಾಡಿನಲ್ಲಿ ಒಂದು ಸಲಕ್ಕೆ ಒಂದೇ ಇಂಚು ಹೊಡೆದು, ಬಿಸಿ ಇರುವಾಗಲೇ ಸಣ್ಣ ಸುತ್ತಿಗೆಯಿಂದ ತಟ್ಟಿ, ಕೈಯಿಡುವಷ್ಟು ಆರಿದ ಮೇಲೆ ಮುಂದಿನ ಇಂಚು.

ಲಕ್ಷ್ಮಣರಾವ ಕಿರ್ಲೋಸ್ಕರರು 1903ರಲ್ಲಿ ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲು ಮಾಡಿದಾಗ ರೈತರು ಕೊಳ್ಳಲು ಹಿಂಜರಿದರು, ಕಬ್ಬಿಣ ಭೂಮಿಗೆ ವಿಷ ಎಂಬ ನಂಬಿಕೆ ಆಗ.  ಈಗ ನಂಬಿಕೆ ತಲೆಕೆಳಗಾಗಿದೆ. ಯಾವ ಕಬ್ಬಿಣವನ್ನಾದರೂ ಯಾವ ಕಬ್ಬಿಣಕ್ಕಾದರೂ ಹತ್ತು ನಿಮಿಷದಲ್ಲಿ ಅಂಟಿಸಬಹುದು ಎಂದು ತಿಳಿದು ಬರುತ್ತಾರೆ.

6. ಖಾಲಿ ಡ್ರಮ್ಮು ಖಾಲಿ ಇರುವುದಿಲ್ಲ.

ಡೀಸೆಲ್ ಟಾಕಿ, ಡಾಂಬರಿನ ಡ್ರಮ್ಮು, ಗೋಬರ್ ಗ್ಯಾಸಿನ ಡೋಮು: ಈ ಮೂರನ್ನು ಕಂಡರೆ ಮಷಿನ್ ಆಫ್ ಮಾಡಿ ಮಾತಾಡಲು ಕೂತುಕೊಳ್ಳಿ. ತಳದ ಮಡಿಕೆಯಲ್ಲಿ ಒಂದು ಚಮಚ ಡೀಸೆಲ್ ಉಳಿದಿದ್ದರೂ ಬಿಸಿಗೆ ಆವಿಯಾಗಿ ಡ್ರಮ್ಮು ತುಂಬುತ್ತದೆ. ಮುಚ್ಚಳ ಆಕಾಶಕ್ಕೆ ಹೋಗುತ್ತದೆ, ಅದರ ಮೇಲೆ ಬಗ್ಗಿ ನಿಂತವನ ಗತಿ ಹೇಳಬೇಕಿಲ್ಲ. ಗೋಬರ್ ಗ್ಯಾಸಿನ ಡೋಮನ್ನು ಗುಂಡಿಯ ಮೇಲೆ ಇಟ್ಟೇ ಬೆಸೆಯಿರಿ ಎನ್ನುವವರಿದ್ದಾರೆ. ಅದರಡಿ ಇರುವುದು ಮೀಥೇನ್. ಡೋಮು ಎತ್ತಿಸಿ, ದೂರ ತಂದು, ತೊಳೆದು, ಬಾಯಿ ಮೇಲೆ ಮಾಡಿ ಒಂದೆರಡು ದಿನ ಗಾಳಿಗೆ ಬಿಟ್ಟ ಮೇಲೆಯೇ ಕೆಲಸ. ಟಾಕಿಯಾದರೆ ತೊಳೆದು, ಮುಚ್ಚಳಗಳನ್ನೆಲ್ಲ ತೆರೆದು, ತೂತಿನ ಹತ್ತಿರದವರೆಗೆ ನೀರು ತುಂಬಿಸಿ, ಒಳಗೆ ಗಾಳಿಗೆ ಜಾಗ ಉಳಿಯದಂತೆ ಮಾಡಿಕೊಳ್ಳಿ. ಅಷ್ಟು ವ್ಯವಧಾನ ಇಲ್ಲ ಎಂದವರಿಗೆ ಕೈ ಮುಗಿಯಿರಿ.

7. ಕಾರ್ಖಾನೆಯ ಕೆಲಸ ಬೇರೆಯೇ ವಿದ್ಯೆ.

1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್‌ನಿಂದ ಹಿಡಿದು ಇತ್ತೀಚಿನವುಗಳವರೆಗೆ ಕೃಷ್ಣೆಯ ಎರಡೂ ದಂಡೆಗೆ ಕಾರ್ಖಾನೆಗಳಿವೆ. ಆಫ್ ಸೀಸನ್ನಿನಲ್ಲಿ ಅಲ್ಲಿ ಕ್ಯಾರಿಯರ್, ಟಾಕಿ, ಪೈಪುಗಳ ಕೆಲಸ. ಹಂಗಾಮಿನಲ್ಲಿ ನಡೆಯುವುದು ರೋಲರ್ ಆರ್ಸಿಂಗ್. ಹೊರಗಿನವರು ನಂಬಲಾರದ ಕೆಲಸ ಅದು.

ಕಬ್ಬು ಅರೆಯುವ ರೋಲರಿನ ಮೈಮೇಲೆ ಉದ್ದಕ್ಕೂ ಹಲ್ಲುಗಳು. ಸವೆದು ನುಣುಪಾದರೆ ಕಬ್ಬು ಜಾರುತ್ತದೆ, ಒಳಗೆ ಹೋಗುವುದೇ ಇಲ್ಲ. ಮಿಲ್ಲು ನಿಲ್ಲಿಸುವಂತಿಲ್ಲ. ಆದ್ದರಿಂದ ರೋಲರ್ ತಿರುಗುತ್ತಿರುವಾಗಲೇ, ಹಾಲು ಸುರಿಯುತ್ತಿರುವಾಗಲೇ, ವೆಲ್ಡರ್ ಪಕ್ಕದ ಹಲಗೆಯ ಮೇಲೆ ನಿಂತು ಹಲ್ಲಿನ ಇಳಿಜಾರಿನ ಮೇಲೆ ಗಡಸು ರಾಡಿನಿಂದ ಹನಿ ಹನಿ ಲೋಹ ಹಚ್ಚುತ್ತ ಹೋಗುತ್ತಾನೆ. ಗೆರೆ ಎಳೆಯುವಂತಿಲ್ಲ, ಬರೀ ಹನಿ. ರೋಲರ್ ನಿಧಾನವಾಗಿಯೇ ತಿರುಗುತ್ತದೆ. ಹಲ್ಲು ಎದುರು ಬಂದ ಆ ಕ್ಷಣದಲ್ಲಿ ರಾಡ್ ತಾಗಿಸಿ ಹನಿ ಬಿಟ್ಟು ಹಿಂದೆಗೆಯಬೇಕು, ಅಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಒದ್ದೆ ಕಬ್ಬಿಣಕ್ಕೆ ರಾಡ್ ಚಿಟಪಟ ಸಿಡಿದು, ಸುಟ್ಟ ಸಕ್ಕರೆಯ ವಾಸನೆ ಮೂಗಿಗೆ ಅಡರುತ್ತದೆ. ಬೇರಿಂಗಿನ ಮೂಲಕ ಕರೆಂಟು ಹಾಯದಂತೆ ರೋಲರಿಗೇ ಬ್ರಶ್ ಒತ್ತಿಸಿ ಅರ್ತ್ ಕೊಟ್ಟಿರಬೇಕು. ಕೊರಳಲ್ಲಿ ಟವೆಲ್ಲು, ಕೈಯಲ್ಲಿ ದಾರ, ಸಡಿಲ ತೋಳು ಯಾವುದೂ ಇರಬಾರದು. ಅವಸರವೇ ನಿಯಮವಾಗಿರುವ ಈ ಕೆಲಸದಲ್ಲಿ ಒಳ್ಳೆಯ ಆರ್ಸಿಂಗ್ ವೆಲ್ಡರ್ ಅವಸರ ಮಾಡಿದ್ದನ್ನು ನಾನು ಕಂಡಿಲ್ಲ. ಹನಿ ತಪ್ಪಿದರೆ ಬಿಡುತ್ತಾನೆ. ರೋಲರ್ ಮತ್ತೆ ಸುತ್ತಿ ಅಲ್ಲಿಗೇ ಬರುತ್ತದೆ.

ಬಾಯ್ಲರಿನ ಟ್ಯೂಬ್ ಮಾತ್ರ ಯಾರು ಬೇಕಾದವರು ಮುಟ್ಟುವಂತಿಲ್ಲ. 1950ರ ಭಾರತೀಯ ಬಾಯ್ಲರ್ ನಿಯಮಾವಳಿಯ ಪ್ರಕಾರ ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆದವನಿಗೇ ಆ ಕೆಲಸ. ಐಟಿಐನಲ್ಲಿ ಒಂದು ವರ್ಷ ವೆಲ್ಡರ್ ಟ್ರೇಡ್ ಮುಗಿಸಿ ನಮ್ಮಲ್ಲಿಗೆ ಬರುವ ಹುಡುಗರಿಗೆ ನಾನು ಹೇಳುವುದು ಇದನ್ನೇ: ಗೇಟು ಗ್ರಿಲ್ಲಿನಲ್ಲಿ ಕೈ ಕೂರಿಸಿಕೊಳ್ಳಿ, ಆಮೇಲೆ ಪೈಪ್ ಹಿಡಿಯಿರಿ, ಆ ಪರೀಕ್ಷೆಗೆ ಕೂಡಿ. ಕಾಗಲ, ಗೋಕುಳ ಶಿರಗಾವದ ಕಾರ್ಖಾನೆಗಳಿಗೆ ಹೋದರೂ ಪೈಪ್ ವೆಲ್ಡರಿಗೆ ಬೆಲೆ ಇದೆ.

8. ಕಣ್ಣು ರಾತ್ರಿ ಉರಿಯುತ್ತದೆ, ಶ್ವಾಸಕೋಶ ವರ್ಷಗಳ ಮೇಲೆ.

ಟ್ಯಾಕ್ ಹಾಕುವಾಗ ಗ್ಲಾಸ್ ಯಾಕೆ, ಕಣ್ಣು ಮುಚ್ಚಿದರಾಯಿತು ಎನ್ನುವವರೇ ಹೆಚ್ಚು. ಆರ್ಕಿನ ನೇರಳಾತೀತ ಕಿರಣ ಕಣ್ಣಿನ ಮೇಲ್ಪದರವನ್ನು ಸುಡುತ್ತದೆ, ಆದರೆ ಉರಿ ಗೊತ್ತಾಗುವುದು ಆರೆಂಟು ತಾಸಿನ ಮೇಲೆ, ನಡುರಾತ್ರಿ, ಮರಳು ಬಿದ್ದಂತೆ. ಆಲೂಗಡ್ಡೆ ಹೋಳು, ಮೊಸರು, ತಾಯಿಹಾಲು ಎಂದು ಮನೆಯಲ್ಲಿ ಓಡಾಟ. ತಣ್ಣೀರ ಪಟ್ಟಿ ಇಟ್ಟುಕೊಂಡು ಕತ್ತಲೆಯಲ್ಲಿ ಮಲಗಿ, ಬೆಳಿಗ್ಗೆ ಕಣ್ಣಿನ ಡಾಕ್ಟರರ ಹತ್ತಿರ ಹೋಗಿ. ಕಣ್ಣಿನೊಳಗೆ ಏನನ್ನೂ ಹಾಕಿಕೊಳ್ಳಬೇಡಿ. ಕೆಲಸಕ್ಕೆ 10 ಅಥವಾ 11 ನಂಬರಿನ ಕರಿ ಗ್ಲಾಸು, ಹೆಲ್ಪರಿಗೂ ಒಂದು. ರಾಡ್ ಹಿಡಿದವನಿಗಿಂತ ಪಕ್ಕದಲ್ಲಿ ಆಂಗಲ್ ಹಿಡಿದ ಹುಡುಗನಿಗೇ ಹೆಚ್ಚು ಹೊಡೆತ.

ಜಿಐ ಪೈಪಿನ ಸತು 907 ಡಿಗ್ರಿಗೆ ಕುದಿಯುತ್ತದೆ, ಕಬ್ಬಿಣ ಕರಗಲು 1,500ರ ಮೇಲೆ ಬೇಕು. ಅಂದರೆ ಕಬ್ಬಿಣ ಕರಗುವ ಮುಂಚೆಯೇ ಸತು ಬಿಳಿ ಹೊಗೆಯಾಗಿ ಮೂಗಿಗೆ ಹೋಗಿರುತ್ತದೆ. ಆ ಸಂಜೆ ಚಳಿಜ್ವರ. ಎರಡೂ ಬದಿ ಒಂದೊಂದು ಇಂಚು ಲೇಪ ಉಜ್ಜಿ ತೆಗೆದು, ಗಾಳಿಗೆ ಬೆನ್ನು ಕೊಡದೆ ಓರೆಯಾಗಿ ನಿಂತು ಕೆಲಸ ಮಾಡಿ. ಬೆಲ್ಲ ತಿಂದರೆ ಹೊಗೆ ಇಳಿಯುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳುತ್ತ ಬೆಳೆದಿದ್ದೇವೆ. ಬೆಲ್ಲದ ನಾಡು, ತಿನ್ನಲು ಅಡ್ಡಿಯಿಲ್ಲ. ಆದರೆ ಅದು ಹೊಟ್ಟೆಗೆ ಹೋಗುತ್ತದೆ, ಶ್ವಾಸಕೋಶಕ್ಕಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಗುಂಪಿಗೆ ಸೇರಿಸಿದೆ. ಶೆಡ್ಡಿನ ಎರಡೂ ಕಡೆ ಬಾಗಿಲು ತೆರೆದಿಡಿ, ಮಾಸ್ಕ್ ಹಾಕಿ.

9. ಹೊಲದಲ್ಲಿ ಕೆಲಸವಿದ್ದರೆ ಮೊದಲು ನೀರು, ಆಮೇಲೆ ಮಷಿನ್.

ಫೆಬ್ರವರಿ ಮಾರ್ಚಿನಲ್ಲಿ ಕಬ್ಬಿನ ರವದಿ ಒಣಗಿ ಬಿದ್ದಿರುತ್ತದೆ. ಗ್ರೈಂಡರಿನ ಕಿಡಿ ಹಾರುವ ದೂರ ನೀವಂದುಕೊಂಡದ್ದಕ್ಕಿಂತ ಹೆಚ್ಚು. ಸುತ್ತ ಗುಡಿಸಿ, ನೀರು ಚಿಮುಕಿಸಿ, ಕೆಲಸ ಮುಗಿದ ಮೇಲೂ ಅರ್ಧ ತಾಸು ಅಲ್ಲೇ ಇರಿ.

10. ತೂಕದ ಲೆಕ್ಕ ಬಾಯಿಪಾಠ ಇರಲಿ.

ಗಿರಾಕಿ ಮಾತಾಡುವುದು ಅಡಿ, ಇಂಚು, ಸೂತಿನಲ್ಲಿ. ಅಂಗಡಿಯ ಮಾಲು ಮಿ.ಮೀ., ಕೆಜಿಯಲ್ಲಿ. ಸೂತು ಎಂದರೆ ಇಂಚಿನ ಎಂಟನೇ ಒಂದು ಪಾಲು, ಮೂರು ಮಿ.ಮೀ.ಗೆ ತುಸು ಹೆಚ್ಚು. ಗುಂಡು ಸಳಿಯ ಮಿ.ಮೀ.ಯನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಎಂದು ಬರುತ್ತದೆ. ಪಟ್ಟಿಗೆ ಅಗಲ, ದಪ್ಪ ಗುಣಿಸಿ, ಬಂದದ್ದನ್ನು 0.00785ರಿಂದ ಗುಣಿಸಿ. 50×50×6 ಆಂಗಲ್ ಮೀಟರಿಗೆ 4.5 ಕೆಜಿ, ಅದೇ 5 ಮಿ.ಮೀ. ದಪ್ಪದ್ದು 3.8. ಆರು ಮೀಟರಿನ ಒಂದು ಉದ್ದಕ್ಕೆ ನಾಲ್ಕು ಕೆಜಿ ಫರಕು. ಪತ್ರಾ ಶೆಡ್ಡಿನ ಗುತ್ತಿಗೆಯಲ್ಲಿ ಇನ್ನೊಬ್ಬರ ದರ ಅಷ್ಟು ಕಡಿಮೆ ಹೇಗೆ ಎಂದು ಗಿರಾಕಿ ಕೇಳಿದರೆ, ತೂಕದ ಕಾಂಟಾ ತೋರಿಸಿ ಸುಮ್ಮನಿರಿ.

11. ಹೊಳೆ ದಂಡೆಯ ಅಂಗಡಿಯಲ್ಲಿ ಮಷಿನ್ನಿಗೆ ಕೊಂಡಿ ಇರಬೇಕು.

2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ ಏರಿದಾಗ ಪಂಪ್‌ಸೆಟ್ಟು ಎತ್ತಿಟ್ಟವರ ಪಂಪು ಉಳಿಯಿತು. ನಮ್ಮ ಕಸುಬಿಗೂ ಅದೇ ಮಾತು. ಛಾವಣಿಯ ಟ್ರಸ್ಸಿಗೆ ಚೈನ್ ಬ್ಲಾಕ್ ಹಾಕುವ ಕೊಂಡಿ ಮಾಡಿಟ್ಟುಕೊಳ್ಳಿ. ಮುಳುಗಿ ಎದ್ದ ಟ್ರಾನ್ಸ್‌ಫಾರ್ಮರ್ ಮಷಿನ್ನನ್ನು ಬಿಸಿಲು ಬಿತ್ತೆಂದು ಚಾಲೂ ಮಾಡಬೇಡಿ. ಕೆಸರು ತೊಳೆಸಿ, ಎಣ್ಣೆ ಬದಲಿಸಿ, ವೈಂಡಿಂಗ್ ಒಣಗಿಸಿ, ಮೆಗ್ಗರ್ ಹಚ್ಚಿ ನೋಡಿದ ಮೇಲೆಯೇ. ಒದ್ದೆಯಾದ ರಾಡನ್ನು ಮಾತ್ರ ಎಸೆದುಬಿಡಿ.

12. ಉದ್ರಿ ಪುಸ್ತಕವನ್ನು ಕಬ್ಬಿನ ಬಿಲ್ಲಿಗೆ ಹೊಂದಿಸಿ ಬರೆಯಿರಿ.

1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15ರಂತೆ ಬಡ್ಡಿ. ಕಾಗದದ ಮೇಲಿನ ಈ 14 ದಿನ ತಿಂಗಳುಗಳಾದಾಗ ರೈತನ ಹಿಂದೆ ನಾವೂ ನಿಂತಿರುತ್ತೇವೆ. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಕೂತಾಗ ಅಂಗಡಿ ಮುಂದೆ ತಯಾರಾಗಿ ನಿಂತ ಟ್ರೇಲರ್‌ಗಳನ್ನು ಒಯ್ಯುವವರೇ ಇರಲಿಲ್ಲ. ಅಂಥ ಹೊತ್ತಿನಲ್ಲಿ ಮಾಲಿನ ದುಡ್ಡು ಮತ್ತು ಕೈಗೂಲಿ ಬೇರೆ ಬೇರೆ ಬರೆದಿದ್ದರೆ ಮಾತು ಸುಲಭ. ರಾಡ್, ಆಂಗಲ್, ಗ್ಯಾಸಿನ ಹಣವನ್ನು ನಾನು ಅಂದೇ ತೆಗೆದುಕೊಳ್ಳುತ್ತೇನೆ, ಅದು ನನ್ನದಲ್ಲ, ಮಿರಜ–ಇಚಲಕರಂಜಿಯ ವ್ಯಾಪಾರಿಯದು. ಕೂಲಿ ಬಿಲ್ಲಿನವರೆಗೆ ಕಾಯುತ್ತದೆ. ಹುಕ್ಕು, ಚಾಸಿಯ ಕೆಲಸವಾದರೆ ಪುಸ್ತಕದಲ್ಲಿ ಗಾಡಿ ನಂಬರಿನ ಎದುರು ಯಾವ ರಾಡ್, ಎಲ್ಲಿ ಪಟ್ಟಿ ಎಂದು ಒಂದು ಸಾಲು ಬರೆದಿಡುತ್ತೇನೆ. ಮುಂದಿನ ದಸರೆಗೆ ಅದೇ ಗಾಡಿ ಬಂದಾಗ ಮೊದಲು ಆ ಸಾಲು ಓದಿ, ಆಮೇಲೆ ವೈರ್ ಬ್ರಶ್.